ವಯಸ್ಕರ ಮರಣ ನೋಂದಣಿ ಎಷ್ಟು ಪೂರ್ಣ? ಬೆಳವಣಿಗೆ-ಸಮತೋಲನ ವಿಧಾನದ ಟಿಪ್ಪಣಿ

ಸಾವಾದ 21 ದಿನದೊಳಗೆ ನೋಂದಣಿ ಮಾಡಿಸಬೇಕು ಎಂದು ನಿಯಮವಿದೆ. ಆದರೆ ಜಮೀನು, ಪಿಂಚಣಿ, ವಿಮೆ ಏನೂ ಇಲ್ಲದವರ ಮರಣ ಪ್ರಮಾಣಪತ್ರ ಯಾರಿಗೆ ಬೇಕು? ಹೀಗೆ ತಪ್ಪಿಹೋದ ಸಾವುಗಳನ್ನು ಮನೆಮನೆ ಹುಡುಕದೆ ಅಂದಾಜಿಸುವ ದಾರಿಯನ್ನು, ಅಂದರೆ ಈ ಬೆಳವಣಿಗೆ-ಸಮತೋಲನ ವಿಧಾನವನ್ನು, ಜನಸಂಖ್ಯಾಶಾಸ್ತ್ರಜ್ಞ ವಿಲಿಯಂ ಬ್ರಾಸ್ 1975ರಲ್ಲಿ ತೋರಿಸಿದರು. ಕೆನೆತ್ ಹಿಲ್ 1987ರಲ್ಲಿ ಅದನ್ನು ಎರಡು ಜನಗಣತಿಗಳ ನಡುವಿನ ಅವಧಿಗೆ ವಿಸ್ತರಿಸಿದರು.

ವಲಸೆ ಇಲ್ಲ ಎಂದುಕೊಂಡರೆ: ಪ್ರವೇಶ ದರ − ಬೆಳವಣಿಗೆ ದರ = ಮರಣ ದರ. 40 ದಾಟಿದವರ ಗುಂಪಿಗೆ ‘ಪ್ರವೇಶ’ ಅಂದರೆ ಆ ವರ್ಷ 40 ತುಂಬಿದವರು, ಅಷ್ಟೇ.

ಲೆಕ್ಕಕ್ಕೆ ಸುಮ್ಮನೆ ಹಿಡಿದ ಸಂಖ್ಯೆಗಳು: ಪ್ರವೇಶ 0.045, ಬೆಳವಣಿಗೆ 0.025. ಮರಣ ದರ 0.020 ಇರಲೇಬೇಕು. ನೋಂದಣಿಯಲ್ಲಿ ಸಿಕ್ಕಿದ್ದು 0.014. ಪೂರ್ಣತೆ, ಅಂದರೆ 0.014 ÷ 0.020, ಶೇ. 70.

ಇಷ್ಟಕ್ಕೇ ಮುಗಿಯಬೇಕಿತ್ತಲ್ಲ, ಒಂದೊಂದು ವಯಸ್ಸಿನ ಗುಂಪನ್ನೂ ಬಿಂದುವಾಗಿ ಗುರುತಿಸಿ (ಅಡ್ಡ ಅಕ್ಷದಲ್ಲಿ ನೋಂದಾಯಿತ ಮರಣ ದರ, ಲಂಬ ಅಕ್ಷದಲ್ಲಿ ಪ್ರವೇಶ − ಬೆಳವಣಿಗೆ) ಗೆರೆ ಎಳೆಯುವುದೇಕೆ? ತಲೆ ಕೆಡಿಸುವ ಜಾಗ ಇದೇ. ಎರಡನೇ ಗಣತಿ ಮೊದಲನೆಯದಕ್ಕಿಂತ ಚೆನ್ನಾಗಿ ಎಣಿಸಿತು ಅನ್ನಿ. ಆಗ ಇಲ್ಲದ ಬೆಳವಣಿಗೆಯೂ ಕಾಣುತ್ತದೆ: 0.025 ಹೋಗಿ 0.026. ಸಮೀಕರಣದ ಎಡಬದಿ (ಪ್ರವೇಶ − ಬೆಳವಣಿಗೆ) 0.019ಕ್ಕೆ ಇಳಿದು, ಪೂರ್ಣತೆ ಸುಮಾರು ಶೇ. 74 ಎಂದು ಬರುತ್ತದೆ. ಗಣತಿಯ ತಪ್ಪು, ನೋಂದಣಿಗೆ ಶಹಬ್ಬಾಸ್!

ಈಗ 60 ದಾಟಿದವರನ್ನೂ ಸೇರಿಸಿ: ಪ್ರವೇಶ 0.060, ಕಾಣುವ ಬೆಳವಣಿಗೆ 0.021 (ನಿಜ 0.020), ಎಡಬದಿ 0.039, ನೋಂದಾಯಿತ ಮರಣ 0.028. ಎರಡು ಬಿಂದುಗಳ ವ್ಯತ್ಯಾಸ ತೆಗೆಯಿರಿ. ಎಡಬದಿಯಲ್ಲಿ 0.020, ಮರಣದಲ್ಲಿ 0.014. ಇಳಿಜಾರು 1.43; ತಿರುವಿದರೆ (1 ÷ 1.43) 0.70. ಸರಿಯಾದ ಉತ್ತರ ವಾಪಸ್ ಬಂತು! ಎಲ್ಲ ವಯಸ್ಸಿಗೂ ಒಂದೇ ಸಮನಾಗಿ ಅಂಟಿದ್ದ 0.001 ವ್ಯತ್ಯಾಸದಲ್ಲಿ ಹೊಡೆದುಹೋಗಿ, ಗೆರೆ ಲಂಬ ಅಕ್ಷವನ್ನು ಕತ್ತರಿಸುವ ಜಾಗದಲ್ಲಿ −0.001 ಆಗಿ ಕೂತಿರುತ್ತದೆ. ಅಂದರೆ ಇಳಿಜಾರು ನೋಂದಣಿಯ ಕಥೆ, ಅಕ್ಷ ಕತ್ತರಿಸುವ ಜಾಗ ಗಣತಿಗಳ ಕಥೆ. ಪರೀಕ್ಷೆಗೆ ಇದೊಂದು ನೆನಪಿಟ್ಟುಕೊಂಡರೂ ಸಾಕು.

ನೋಂದಣಿಯ ಕೊರತೆ ಎಲ್ಲ ವಯಸ್ಕ ವಯಸ್ಸಿನಲ್ಲೂ ಒಂದೇ ಎಂಬುದು ಇಲ್ಲಿನ ದೊಡ್ಡ ಊಹೆ. ಶಿಶುಮರಣವನ್ನು ಹೊರಗಿಡುವುದು ಅದಕ್ಕೇ.

ವಲಸೆಯ ಕಾಟ ಬೇರೆ. ಊರು ಬಿಟ್ಟು ಹೋದವರು ಈ ಲೆಕ್ಕಕ್ಕೆ ಸತ್ತವರ ಹಾಗೆಯೇ. ಪೂರ್ಣತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕೆಲಸಕ್ಕೆ ಗುಳೆ ಹೋಗುವ ವಯಸ್ಸನ್ನು ಬಿಟ್ಟು, 30 ಅಥವಾ 35ರ ಮೇಲಿನ ಬಿಂದುಗಳಿಗಷ್ಟೇ ಗೆರೆ ಎಳೆಯುವುದು ವಾಸಿ.

ನಮ್ಮಲ್ಲಿ ಅಭ್ಯಾಸಕ್ಕೆ 2001 ಮತ್ತು 2011ರ ಗಣತಿಗಳನ್ನೇ ಹಿಡಿಯಿರಿ. 2021ರದ್ದು ನಡೆಯಲಿಲ್ಲವಲ್ಲ, ಎರಡನೇ ಗಣತಿ ಇಲ್ಲದೆ ಬೆಳವಣಿಗೆ ದರ ಎಲ್ಲಿಂದ ತರುವುದು?