ದಂಡ ಕಟ್ಟಿದ ಮಾತ್ರಕ್ಕೆ ಡಿಎಲ್ ವಾಪಸ್ ಬರುವುದಿಲ್ಲ: ಮೋಟಾರು ವಿಮೆ ಓದುವವರಿಗೆ ಒಂದು ಟಿಪ್ಪಣಿ

ವಿಮಾ ಪರೀಕ್ಷೆಗೆ ಜೊತೆಯಲ್ಲಿ ಓದುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಮೋಟಾರು ವಿಮೆಯ ಪಾಠದಲ್ಲಿ ನಾವೆಲ್ಲ ಎಡವುವ ಜಾಗ ಇದು. ದಂಡ ಬಾಕಿ ಉಳಿದರೆ ಡಿಎಲ್ (ಚಾಲನಾ ಪರವಾನಗಿ) ಹೋಗುತ್ತದೆ, ಕಟ್ಟಿದರೆ ಬರುತ್ತದೆ, ಇನ್ಶೂರೆನ್ಸ್ ಅದರ ಹಿಂದೆಯೇ ಸರಿಹೋಗುತ್ತದೆ ಎಂದು ಮೂರನ್ನೂ ಒಂದೇ ದಾರಕ್ಕೆ ಪೋಣಿಸಿಬಿಡುತ್ತೇವೆ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕರ್ನಾಟಕದಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಸಿಕ್ಕಿತಲ್ಲ, ಆಗ ರಾಜಾಜಿನಗರದ ನಮ್ಮ ಸೋದರಮಾವ ಕಾರಿನ ಮೇಲಿದ್ದ ಏಳು ಕೇಸುಗಳನ್ನೂ ಒಂದೇ ಸಲ ಕಟ್ಟಿ ಬಂದರು. ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಎಲ್ಲಾ ಕ್ಲಿಯರ್ ಆಯ್ತಮ್ಮ, ಭಾನುವಾರ ತುಮಕೂರಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ" ಅಂದರು. ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಇನ್ನೊಂದು ಕಾಗದವಿತ್ತು. ಮೊಬೈಲ್ ಕೈಯಲ್ಲಿ ಹಿಡಿದು ಓಡಿಸಿದ್ದಕ್ಕೆ ಆರ್‌ಟಿಓ ಕಚೇರಿಯಿಂದ ಬಂದ ಅಮಾನತು ಆದೇಶ. ನೀಲಿ ಸೀಲು, ಅದರ ಮೇಲೆ ಎರಡು ತಾರೀಖು: ಜುಲೈ 22ರಿಂದ ಅಕ್ಟೋಬರ್ 21ರವರೆಗೆ. "ಮಾವ, ರಸೀದಿಗೂ ಈ ಕಾಗದಕ್ಕೂ ಸಂಬಂಧವಿಲ್ಲ" ಎಂದು ಹೇಳಿ ಒಪ್ಪಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

ಕ್ಯಾಮೆರಾ ಹಾಕುವ ದಂಡ ಹೋಗುವುದು ಗಾಡಿ ನಂಬರಿಗೆ, ಅಂದರೆ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಹೆಸರಿರುವವರಿಗೆ. ಕಟ್ಟದಿದ್ದರೆ ನೋಟಿಸ್, ಕೋರ್ಟು, ಇಲ್ಲವೇ ಲೋಕ ಅದಾಲತ್. ಅಮಾನತಾಗುವುದು ಗಾಡಿಯಲ್ಲ, ಓಡಿಸುವವರ ಡಿಎಲ್. 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಂ ಅದಕ್ಕೆ ಕಾರಣಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ 'ದಂಡ ಬಾಕಿ' ಎಂಬ ಕಾರಣವಿಲ್ಲ, ಇರುವುದು ಹೆಚ್ಚಾಗಿ ಓಡಿಸುವ ರೀತಿ, ನಡತೆಗೆ ಸೇರಿದ್ದು. 206(4)ನೇ ಕಲಂ ಪ್ರಕಾರ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಓಗೆ ಕಳಿಸಬಹುದು. ಅತಿವೇಗ, ಸಿಗ್ನಲ್ ಜಂಪ್, ಕೈಯಲ್ಲಿ ಮೊಬೈಲ್, ಕುಡಿದು ಓಡಿಸುವುದು, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಅದರಲ್ಲಿ ಬರುತ್ತವೆ. ಸೀಟ್ ಬೆಲ್ಟ್ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ನೆನಪಿರಲಿ.

ಗೂಗಲ್‌ನಲ್ಲಿ ಹುಡುಕಿದರೆ ಅಮೆರಿಕದ ಮಾಹಿತಿಯೇ ಮೇಲೆ ಬರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ದಂಡ ಕಟ್ಟದಿದ್ದರೇ ಲೈಸೆನ್ಸ್ ಅಮಾನತಾಗುತ್ತದೆ, ಅದನ್ನು ಮರಳಿ ಪಡೆಯಲು ಬೇರೆ ಶುಲ್ಕವಿದೆ. ಕ್ಯಾಲಿಫೋರ್ನಿಯಾ 2017ರಲ್ಲಿ ಆ ಪದ್ಧತಿ ಕೈಬಿಟ್ಟಿತು. ಎಸ್‌ಆರ್-22 ಎಂಬುದೂ ಅಲ್ಲಿಯದೇ. ಅದು ಪಾಲಿಸಿಯಲ್ಲ, ಇವರಿಗೆ ವಿಮೆ ಇದೆ ಎಂದು ವಿಮಾ ಕಂಪನಿ ಸರ್ಕಾರಕ್ಕೆ ಸಲ್ಲಿಸುವ ಪ್ರಮಾಣಪತ್ರ. ನಮ್ಮ ಉತ್ತರಪತ್ರಿಕೆಗೆ ಅದನ್ನು ತರಬೇಡಿ.

ಈಗ ವಿಮೆಗೆ ಬರೋಣ. ಪಾಲಿಸಿಯಲ್ಲಿ ಡ್ರೈವರ್ಸ್ ಕ್ಲಾಜ್, ಅಂದರೆ ಚಾಲಕನ ಷರತ್ತು ಎಂಬ ಭಾಗವಿರುತ್ತದೆ, ಮನೆಯಲ್ಲಿರುವ ಪಾಲಿಸಿ ತೆಗೆದು ಓದಿ ನೋಡಿ. ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವರ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು, ಅವರು ಅನರ್ಹರಾಗಿರಬಾರದು ಎನ್ನುತ್ತದೆ. ದಂಡದ ಮಾತೇ ಅಲ್ಲಿಲ್ಲ. ಅಂದರೆ ಹತ್ತು ಚಲನ್ ಬಾಕಿಯಿದ್ದೂ ಡಿಎಲ್ ಸರಿಯಿದ್ದರೆ ಈ ಷರತ್ತಿನ ಮೇಲೆ ಕ್ಲೇಮ್ ತಿರಸ್ಕಾರವಾಗುವುದಿಲ್ಲ. ಒಂದೂ ಬಾಕಿಯಿಲ್ಲದೆ ಅಮಾನತಿನ ಅವಧಿಯಲ್ಲಿ ಓಡಿಸಿದರೆ ತಿರಸ್ಕಾರವಾಗುತ್ತದೆ. ಸ್ವಂತ ಗಾಡಿಯ ರಿಪೇರಿ ಖರ್ಚು ಕೈಯಿಂದಲೇ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಚಾಲ್ತಿಯ ಡಿಎಲ್ ಇದ್ದರೆ ಮಾತ್ರ. ಇದರ ಜೊತೆಗೆ 182ನೇ ಕಲಂ ಪ್ರಕಾರ 10,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾದರೆ ಪೆಟ್ಟು ತಿಂದ ದಾರಿಹೋಕನ ಗತಿ? ಚಾಲಕನಿಗೆ ಅನರ್ಹತೆಯಿತ್ತು ಎಂಬುದನ್ನು ಕಂಪನಿ ತನ್ನ ವಾದವಾಗಿ ಎತ್ತಲು 150ನೇ ಕಲಂ ಅವಕಾಶ ಕೊಡುತ್ತದೆ. ಆದರೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕನ ಕಡೆಯಿಂದ ಉದ್ದೇಶಪೂರ್ವಕ ತಪ್ಪು ಅಥವಾ ನಿರ್ಲಕ್ಷ್ಯ ಇತ್ತೆಂದು ಕಂಪನಿಯೇ ಸಾಬೀತು ಮಾಡಬೇಕು ಎಂದಿತು. ಸಾಬೀತಾದರೂ ಮೊದಲು ಸಂತ್ರಸ್ತರಿಗೆ ಕಂಪನಿ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶಿಸಬಹುದು. ಈ 'ಕೊಟ್ಟು ವಸೂಲಿ' ತತ್ವ ನನಗೆ ಬಹಳ ಹಿಡಿಸಿತು. ರಸ್ತೆ ದಾಟುತ್ತಿದ್ದವರಿಗೆ ಯಾರ ಡಿಎಲ್ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಕಾರಿಗೆ ಡ್ರೈವರ್ ಇಟ್ಟುಕೊಂಡವರೂ ಇದನ್ನು ಓದಬೇಕು: ಡಿಎಲ್ ಸ್ಥಿತಿಯನ್ನು ಆಗಾಗ ನೋಡಿದ್ದೆ ಎಂದು ತೋರಿಸಲು ಸಾಧ್ಯವಾದರೆ ಅದೇ ಅವರಿಗೆ ರಕ್ಷಣೆ.

ಇನ್ನೊಂದು ತಪ್ಪು ದುಬಾರಿಯದು. "ಮೂರು ತಿಂಗಳು ಓಡಿಸೋದೇ ಇಲ್ಲವಲ್ಲ, ರಿನ್ಯೂವಲ್ ಆಮೇಲೆ ಮಾಡಿಸಿದರಾಯಿತು." ಡಿಎಲ್ ಅಮಾನತಾದರೆ ಪಾಲಿಸಿ ರದ್ದಾಗುವುದಿಲ್ಲ, ಚಾಲ್ತಿಯ ಡಿಎಲ್ ಇರುವ ಮಗನೋ ಮಗಳೋ ಓಡಿಸಬಹುದು. ಆದರೆ ಪಾಲಿಸಿಯೇ ಇಲ್ಲದೆ ಗಾಡಿ ರಸ್ತೆಗಿಳಿದರೆ 196ನೇ ಕಲಂ ಪ್ರಕಾರ ಮೊದಲ ಸಲಕ್ಕೇ 2,000 ರೂಪಾಯಿ. ನೋ ಕ್ಲೇಮ್ ಬೋನಸ್ಸಿನ, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯ ಲೆಕ್ಕವನ್ನೂ ಮಾಡಿ ನೋಡಿ. ಪಾಲಿಸಿ ಮೇ 4ರ ಮಧ್ಯರಾತ್ರಿಗೆ ಮುಗಿಯಿತು, ಡಿಎಲ್ ಮೇ 4ರಿಂದ ಆಗಸ್ಟ್ 3ರವರೆಗೆ ಅಮಾನತು ಎಂದಿಟ್ಟುಕೊಳ್ಳಿ. ಬೋನಸ್ ಉಳಿಸಿಕೊಳ್ಳಲು ಇರುವ 90 ದಿನ ಆಗಸ್ಟ್ 2ಕ್ಕೇ ತೀರುತ್ತದೆ. ಡಿಎಲ್ ಹಿಡಿದು ಆಗಸ್ಟ್ 4ಕ್ಕೆ ಹೋದವರಿಗೆ ಬೋನಸ್ ಸೊನ್ನೆ. ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ) ಪ್ರೀಮಿಯಂ 12,000 ಇದ್ದು, ವರ್ಷಗಟ್ಟಲೆ ಕ್ಲೇಮ್ ಮಾಡದೆ ಬಂದ 50 ಪ್ರತಿಶತ ಬೋನಸ್ ಇದ್ದರೆ, ಎರಡು ದಿನದ ತಡಕ್ಕೆ 6,000 ರೂಪಾಯಿ ಹೋಯಿತು.

ಡಿಎಲ್ ಮರಳಿ ಪಡೆಯುವ ದಾರಿ ಆರ್‌ಟಿಓದ್ದು, ಸಂಚಾರ ಪೊಲೀಸರದ್ದಲ್ಲ. ಆದೇಶ ಹೊರಡಿಸುವ ಮೊದಲು ನಿಮ್ಮ ಮಾತು ಕೇಳಬೇಕು, ಆದ್ದರಿಂದ ನೋಟಿಸ್ ಬಂದರೆ ಉತ್ತರ ಕೊಡಿ. ಆದೇಶ ಸರಿಯಿಲ್ಲ ಅನ್ನಿಸಿದರೆ ಕೈಗೆ ಸಿಕ್ಕಿದ 30 ದಿನದೊಳಗೆ ಮೇಲ್ಮನವಿ. 2019ರ ತಿದ್ದುಪಡಿ ಕಾಯ್ದೆ ಚಾಲಕರ ಮರುತರಬೇತಿ ಕೋರ್ಸಿನ ಷರತ್ತನ್ನೂ 19ನೇ ಕಲಂಗೆ ಸೇರಿಸಿದೆ. ನಿಮ್ಮ ಆದೇಶದಲ್ಲಿ ಅದನ್ನು ಬರೆದಿದ್ದಾರೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ, ಕೊನೆಯ ವಾರಕ್ಕೆ ಬಿಡಬೇಡಿ. ಅವಧಿ ಮುಗಿದ ಮೇಲೆ ಕಾರ್ಡು ಕೈಗೆ ಬಂದರೆ ಸಾಲದು, ಡಿಎಲ್ ದಾಖಲೆಗಳಿರುವ ಸರ್ಕಾರದ ಸಾರಥಿ ಪೋರ್ಟಲಿನಲ್ಲಿ ಸ್ಥಿತಿ ಬದಲಾಗಿದೆಯೇ ಎಂದೂ ನೋಡಿ.

ಆ ಭಾನುವಾರ ತುಮಕೂರಿಗೆ ಕಾರು ಓಡಿಸಿದ್ದು ಮಾವನ ಮಗಳು. ಮಾವ ಪಕ್ಕದ ಸೀಟಿನಲ್ಲಿ ಕೂತು, ಡ್ರಾಯರಿನ ಆ ಕಾಗದವನ್ನು ಮೊದಲ ಸಲ ಪೂರ್ತಿ ಓದಿದರು.