ರಕ್ತ ನೋಡಲಾಗದವರು ಸ್ಟೀಫನ್ ಕಿಂಗ್ ಸಿನಿಮಾ ನೋಡಬಹುದೇ?

ಪ್ರಶ್ನೆ: ಈ ಮಳೆಗಾಲದಲ್ಲಿ ಸ್ಟೀಫನ್ ಕಿಂಗ್ ಕಥೆಗಳನ್ನು ಆಧರಿಸಿದ ಸಿನಿಮಾಗಳನ್ನು ನೋಡಬೇಕೆಂದಿದ್ದೇನೆ. ಆದರೆ ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಯಾವುದರಿಂದ ಶುರು ಮಾಡಲಿ? ಪುಸ್ತಕ ಮೊದಲೇ ಓದಿರಬೇಕೇ?
– ಓದುಗರೊಬ್ಬರು, ಉಡುಪಿ

ಉತ್ತರ: ‘ಸ್ಟ್ಯಾಂಡ್ ಬೈ ಮಿ’ಯಿಂದ ಶುರು ಮಾಡಿ. ಪುಸ್ತಕವನ್ನು ಮೊದಲೇ ಓದಬೇಕಾದ್ದು ಒಂದೇ ಒಂದು ಸಿನಿಮಾಕ್ಕೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯ ರಾತ್ರಿಗಳು ಉದ್ದವಾಗುತ್ತವೆ. ಇಂಥ ಪ್ರಶ್ನೆಗಳು ಬರುವುದೂ ಆಗಲೇ. ಕಿಂಗ್ ಎಂದರೆ ರಕ್ತ ಎಂಬ ನಿಮ್ಮ ಅಂಜಿಕೆಗೆ ಕಾರಣವಿದೆ. ಅಮೆರಿಕದ ಈ ಲೇಖಕರ ಮೊದಲ ಕಾದಂಬರಿ ‘ಕ್ಯಾರಿ’ ಬಂದದ್ದು 1974ರಲ್ಲಿ. ಎರಡು ವರ್ಷಗಳ ನಂತರ ಬ್ರಯಾನ್ ಡಿ ಪಾಲ್ಮಾ ಅದನ್ನು ಸಿನಿಮಾ ಮಾಡಿದರು. ಹುಡುಗಿಯೊಬ್ಬಳ ತಲೆಯ ಮೇಲೆ ಹಂದಿಯ ರಕ್ತ ಸುರಿಯುವ ಅದರ ದೃಶ್ಯವೇ ಜನರ ನೆನಪಿನಲ್ಲಿ ಗಟ್ಟಿಯಾಗಿ ಕೂತಿತು. ಆದರೆ ಅವರ ಕಥೆಗಳಿಂದ ಬಂದ ಸಿನಿಮಾಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಹೆಚ್ಚಿನವುಗಳಲ್ಲಿ ದೆವ್ವವೇ ಇಲ್ಲ, ಮತ್ತು ಅವುಗಳಲ್ಲಿ ಹಲವು ಹುಟ್ಟಿದ್ದು ನೀಳ್ಗತೆಗಳಿಂದ. ಸಾವಿರದ ನೂರು ಪುಟ ಮೀರಿದ ‘ಇಟ್’ ಕಾದಂಬರಿಯನ್ನು 2017 ಮತ್ತು 2019ರಲ್ಲಿ ಎರಡು ಸಿನಿಮಾಗಳಾಗಿ ಹಂಚಿದರೂ ಅದರ ಊರು ಪೂರ್ತಿಯಾಗಿ ತೆರೆಗೆ ಬರಲಿಲ್ಲ. ನೀಳ್ಗತೆಗೆ ಎರಡು ಗಂಟೆ ಸಾಕಾಗುತ್ತದೆ, ಪಾತ್ರಗಳಿಗೆ ಉಸಿರಾಡಲು ಜಾಗವೂ ಉಳಿಯುತ್ತದೆ.

1982ರ ‘ಡಿಫರೆಂಟ್ ಸೀಸನ್ಸ್’ ಸಂಕಲನದಲ್ಲಿರುವುದು ನಾಲ್ಕೇ ಕಥೆಗಳು. ಅವುಗಳಲ್ಲಿ ಮೂರು ಸಿನಿಮಾ ಆಗಿವೆ. ಕಾಣೆಯಾದ ಬಾಲಕನೊಬ್ಬನ ಶವ ಎಲ್ಲಿದೆ ಎಂಬ ಸುಳಿವು ಸಿಕ್ಕ ನಾಲ್ವರು ಹುಡುಗರು ಅದನ್ನು ನೋಡಲು ರೈಲು ಹಳಿಯ ಗುಂಟ ನಡೆದು ಹೋಗುವ ‘ದಿ ಬಾಡಿ’ ಎಂಬ ಕಥೆಯನ್ನು ರಾಬ್ ರೈನರ್ 1986ರಲ್ಲಿ ‘ಸ್ಟ್ಯಾಂಡ್ ಬೈ ಮಿ’ ಮಾಡಿದರು. ಹುಡುಗರು ಸೇತುವೆಯ ನಡುವೆ ಇರುವಾಗ ಹಿಂದಿನಿಂದ ರೈಲು ಬರುವ ದೃಶ್ಯವೊಂದಿದೆ. ರೈಲಿನಲ್ಲಿ ನೇತ್ರಾವತಿ ಸೇತುವೆ ದಾಟುವಾಗ ಕಿಟಕಿಯಿಂದ ಕೆಳಗೆ ನೀರು ನೋಡಿದವರಿಗೆ ಆ ಓಟದ ಭಯ ಅಂಗಾಲಿನಲ್ಲಿ ತಿಳಿಯುತ್ತದೆ. ಹನ್ನೆರಡು ವರ್ಷದ ಮಕ್ಕಳ ಗೆಳೆತನವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಸಿನಿಮಾ ನನಗೆ ಬೇರೆ ಗೊತ್ತಿಲ್ಲ. ರೈನರ್ ಮುಂದೆ ತಮ್ಮ ಪಾಲುದಾರರೊಡನೆ ಕಟ್ಟಿದ ನಿರ್ಮಾಣ ಸಂಸ್ಥೆಗೆ ಕಿಂಗ್ ಕಥೆಗಳಲ್ಲಿ ಬರುವ ಕ್ಯಾಸಲ್ ರಾಕ್ ಎಂಬ ಕಾಲ್ಪನಿಕ ಊರಿನ ಹೆಸರನ್ನೇ ಇಟ್ಟರು.

ಅದೇ ಸಂಕಲನದ ಇನ್ನೊಂದು ಕಥೆಯಿಂದ ಬಂದದ್ದು ಫ್ರಾಂಕ್ ಡರಾಬಾಂಟ್ ನಿರ್ದೇಶನದ ‘ದಿ ಶಾಶಾಂಕ್ ರಿಡೆಂಪ್ಷನ್’ (1994). ಇದನ್ನು ನೀವು ಈಗಾಗಲೇ ನೋಡಿರಬಹುದು, ಕಿಂಗ್ ಕಥೆ ಎಂದು ತಿಳಿಯದೆಯೇ.

ಎರಡನೆಯದಾಗಿ ‘ಮಿಸರಿ’ (1990) ನೋಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಇದು ಕಾದಂಬರಿಯೇ ಆದರೂ ನಡೆಯುವುದು ಬಹುಪಾಲು ಒಂದು ಕೋಣೆಯಲ್ಲಿ, ಇಬ್ಬರ ನಡುವೆ. ಹಿಮದಲ್ಲಿ ಕಾರು ಉರುಳಿ ಕಾಲು ಮುರಿದುಕೊಂಡ ಜನಪ್ರಿಯ ಲೇಖಕನನ್ನು ಅವನ ಅಭಿಮಾನಿಯಾದ ನರ್ಸ್ ಒಬ್ಬಳು ತನ್ನ ಮನೆಗೆ ತಂದು ಉಪಚರಿಸುತ್ತಾಳೆ. ತನ್ನ ಪ್ರೀತಿಯ ನಾಯಕಿಯನ್ನು ಅವನು ಹೊಸ ಕಾದಂಬರಿಯಲ್ಲಿ ಸಾಯಿಸಿದ್ದಾನೆಂದು ಗೊತ್ತಾದ ಕ್ಷಣದಿಂದ ಉಪಚಾರ ಸೆರೆವಾಸವಾಗುತ್ತದೆ. ಕ್ಯಾಥಿ ಬೇಟ್ಸ್ ಇದಕ್ಕಾಗಿ ಅತ್ಯುತ್ತಮ ನಟಿ ಆಸ್ಕರ್ ಪಡೆದರು. ಅವರು ದನಿ ಏರಿಸಿದಾಗಲ್ಲ, ನಕ್ಕು ಮಾತನಾಡಿಸಿದಾಗ ಮೈ ನಡುಗುತ್ತದೆ. ಕಾದಂಬರಿಯಲ್ಲಿ ಆಕೆ ಕೊಡಲಿಯಿಂದ ಲೇಖಕನ ಪಾದವನ್ನೇ ಕತ್ತರಿಸುತ್ತಾಳೆ. ಈ ಸಿನಿಮಾವನ್ನೂ ನಿರ್ದೇಶಿಸಿದ ರೈನರ್ ಅದನ್ನು ಸುತ್ತಿಗೆಯ ಏಟಿಗೆ ಬದಲಿಸಿದರು. ಆ ದೃಶ್ಯದಲ್ಲಿ ರಕ್ತವಿಲ್ಲ, ಆದರೂ ಆಕೆ ಸುತ್ತಿಗೆ ಎತ್ತಿಕೊಂಡಾಗ ನೀವು ಮುಖ ತಿರುಗಿಸಿಕೊಳ್ಳಿ. ‘ಕೋಕಿಲ’ದ (1977) ಮೂಲಕ ಕನ್ನಡದಲ್ಲೇ ನಿರ್ದೇಶನ ಆರಂಭಿಸಿದ ಬಾಲು ಮಹೇಂದ್ರ ಇದೇ ಕಥೆಯನ್ನು 2003ರಲ್ಲಿ ತಮಿಳಿನಲ್ಲಿ ‘ಜೂಲಿ ಗಣಪತಿ’ಯಾಗಿಸಿದರು. ನಮಗೆ ಚಿರಪರಿಚಿತರಾದ ಸರಿತಾ ಅದರಲ್ಲಿ ಜೂಲಿ. ಎರಡನ್ನೂ ಹತ್ತಿರ ಹತ್ತಿರದ ದಿನಗಳಲ್ಲಿ ನೋಡಿದರೆ ಇಬ್ಬರು ದೊಡ್ಡ ನಟಿಯರ ಕೆಲಸವನ್ನು ಹೋಲಿಸಬಹುದು.

‘ದಿ ಶೈನಿಂಗ್’ (1980) ಬಗ್ಗೆ ಜಗಳ ಮುಗಿಯುವುದೇ ಇಲ್ಲ. ಸ್ಟ್ಯಾನ್ಲಿ ಕುಬ್ರಿಕ್ ಅವರ ಸಿನಿಮಾ ಕಿಂಗ್ ಅವರಿಗೆ ಹಿಡಿಸಲಿಲ್ಲ. ಚಳಿಗಾಲದಲ್ಲಿ ಮುಚ್ಚಿದ ಹೋಟೆಲೊಂದನ್ನು ಕಾಯಲು ಹೆಂಡತಿ ಮಗನೊಡನೆ ಹೋಗಿ, ಕುಡಿತದ ಜೊತೆ ಹೋರಾಡುತ್ತಾ ನಿಧಾನವಾಗಿ ಸೋಲುವ ಒಳ್ಳೆಯ ತಂದೆ ಕಾದಂಬರಿಯಲ್ಲಿದ್ದಾನೆ. ತೆರೆಯ ಮೇಲಿನ ಜಾಕ್ ನಿಕೋಲ್ಸನ್ ಮೊದಲ ದೃಶ್ಯದಲ್ಲೇ ಅರೆಹುಚ್ಚನಂತೆ ಕಾಣುತ್ತಾರೆ ಎಂಬುದು ಕಿಂಗ್ ಅವರ ಆಕ್ಷೇಪ. 1997ರಲ್ಲಿ ತಾವೇ ಚಿತ್ರಕಥೆ ಬರೆದು ಅದನ್ನು ಕಿರುಧಾರಾವಾಹಿಯಾಗಿ ಮತ್ತೆ ಮಾಡಿಸಿದರು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಈ ಜಗಳ ಹೊಸದಲ್ಲ: ಪ್ರಸಂಗದ ಪದ್ಯ ಅದೇ ಇರುತ್ತದೆ, ಒಬ್ಬ ಅರ್ಥಧಾರಿಯ ಕರ್ಣ ಕಣ್ಣೀರು ತರಿಸುತ್ತಾನೆ, ಇನ್ನೊಬ್ಬರ ಕರ್ಣ ಕೆರಳುತ್ತಾನೆ. ಕಿಂಗ್ ಅವರ ದೂರು ನ್ಯಾಯವಾದದ್ದೇ ಎಂದು ಒಪ್ಪಿಕೊಂಡೂ ನಾನು ಕುಬ್ರಿಕ್ ಅವರ ಆ ಖಾಲಿ ಹೋಟೆಲಿನ ಪಡಸಾಲೆಗಳಿಗೆ ಮನಸೋತಿದ್ದೇನೆ. ಕಿರುಧಾರಾವಾಹಿ ಕಾದಂಬರಿಗೆ ಹೆಚ್ಚು ನಿಷ್ಠವಾಗಿದೆ, ಆದರೆ ಹೆದರಿಸುವುದಿಲ್ಲ. ಲಿಫ್ಟಿನಿಂದ ರಕ್ತದ ಪ್ರವಾಹ ನುಗ್ಗುವ ದೃಶ್ಯ ಕುಬ್ರಿಕ್ ಸಿನಿಮಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಇದು ತಡವಾಗಿ ಬರಲಿ.

ಇನ್ನು ಮೊದಲೇ ಓದಬೇಕಾದ ಕಥೆ. ಅದು ‘ದಿ ಮಿಸ್ಟ್’. ಬಿರುಗಾಳಿಯ ಮರುದಿನ ಊರನ್ನು ಮುಚ್ಚುವ ಮಂಜು, ಅದರೊಳಗೆ ಏನೋ ಜೀವಿಗಳು, ಸೂಪರ್‌ಮಾರ್ಕೆಟ್ ಒಂದರಲ್ಲಿ ಸಿಕ್ಕಿಬಿದ್ದ ಜನ. ಆಗುಂಬೆ ಘಾಟಿಯಲ್ಲಿ ಎದುರಿನ ಬಸ್ಸಿನ ದೀಪವೂ ಕಾಣದಂಥ ಮಂಜಿನಲ್ಲಿ ಇಳಿದವರಿಗೆ ಮೊದಲರ್ಧ ವಿವರಿಸಬೇಕಿಲ್ಲ. ಜೀವಿಗಳಿಗಿಂತಲೂ ಹೆಚ್ಚು ಹೆದರಿಸುವುದು ಒಳಗಿನ ಜನ: ಬಲಿ ಕೊಡಬೇಕೆನ್ನುವ ಒಬ್ಬ ಹೆಂಗಸಿನ ಮಾತಿಗೆ ಒಬ್ಬೊಬ್ಬರಾಗಿ ತಲೆದೂಗತೊಡಗುತ್ತಾರೆ. ಕಿಂಗ್ ಕಥೆಯನ್ನು ಸಣ್ಣದೊಂದು ಆಸೆಯೊಂದಿಗೆ ತೆರೆದೇ ಬಿಟ್ಟಿದ್ದಾರೆ. 2007ರ ಸಿನಿಮಾದಲ್ಲಿ ಡರಾಬಾಂಟ್ ಆ ಮುಕ್ತಾಯವನ್ನು ಪೂರ್ತಿ ಬದಲಿಸಿದರು, ಕಿಂಗ್ ಅದನ್ನು ಮನಸಾರೆ ಮೆಚ್ಚಿಕೊಂಡರು. ಕಥೆ ಓದಿ ಆ ಆಸೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೇ ಸಿನಿಮಾದ ಕೊನೆಯ ಐದು ನಿಮಿಷಗಳ ಪೆಟ್ಟು ಸರಿಯಾಗಿ ತಾಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ನೋಡಬೇಡಿ. ಡರಾಬಾಂಟ್ ಅವರಿಗೆ ಇಷ್ಟವಾಗಿದ್ದ ಕಪ್ಪುಬಿಳುಪು ಆವೃತ್ತಿಯೂ ಇದಕ್ಕಿದೆ. ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ರಕ್ತದ ಕೆಂಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.