ರೈಫೈಸನ್ ಪದ್ಧತಿ: ಒಬ್ಬ ಮೇಯರನ ಹೆಸರು ಪದವಾದ ಕಥೆ

ಸಹಕಾರ ತರಬೇತಿ ಪಡೆದವರಿಗೆ ‘ರೈಫೈಸನ್ ಮಾದರಿಯ ಸಂಘ’ ಎಂಬ ಮಾತು ಗೊತ್ತಿರುತ್ತದೆ. ಹಳ್ಳಿಯವರೇ ಸೇರಿ ನಡೆಸುವ ಸಾಲದ ಸಹಕಾರ ಸಂಘ ಅದು. ಚಿಕ್ಕ ಕಾರ್ಯಕ್ಷೇತ್ರ, ಅಪರಿಮಿತ ಹೊಣೆ, ಸಂಬಳವಿಲ್ಲದ ಆಡಳಿತ, ಹಂಚದೆ ಉಳಿಸುವ ಲಾಭ ಎಂದು ಅದರ ಲಕ್ಷಣಗಳನ್ನು ಪರೀಕ್ಷೆಗೆ ಬರೆಯುತ್ತಾರೆ. ಆದರೆ ಈ ಲಕ್ಷಣಗಳು ಯಾವ ಪಂಡಿತನ ಮೇಜಿನ ಮೇಲೂ ಹುಟ್ಟಿದವಲ್ಲ. ಹಸಿವಿನ ಒಂದು ಚಳಿಗಾಲದಿಂದ ಮೊದಲಾಗಿ, ಸುಮಾರು ಹದಿನೆಂಟು ವರ್ಷ ತಪ್ಪುತ್ತ ತಿದ್ದಿಕೊಳ್ಳುತ್ತ ಹೋದ ಒಬ್ಬ ಮನುಷ್ಯನ ಅನುಭವ ಅವು. ಆ ಮನುಷ್ಯ ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್. ವೃತ್ತಿಯಲ್ಲಿ ಬ್ಯುರ್ಗರ್‌ಮೈಸ್ಟರ್.

ಮೊದಲು ಈ ಹುದ್ದೆಯ ಹೆಸರನ್ನು ಬಿಡಿಸೋಣ. ಜರ್ಮನ್ ಭಾಷೆಯಲ್ಲಿ ‘ಬ್ಯುರ್ಗರ್’ ಎಂದರೆ ಪೌರ, ‘ಮೈಸ್ಟರ್’ ಎಂದರೆ ಒಡೆಯ ಅಥವಾ ಮುಖ್ಯಸ್ಥ. ಕನ್ನಡದಲ್ಲಿ ಮೇಯರ್ ಎನ್ನುತ್ತೇವೆ. ಆದರೆ ನಮ್ಮ ಮಹಾನಗರದ ಮೇಯರರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಿತ್ರ ತಪ್ಪುತ್ತದೆ. ಅಂದಿನ ಪ್ರಷ್ಯಾದ ರೈನ್ ಪ್ರಾಂತದಲ್ಲಿ ಹಲವು ಹಳ್ಳಿಗಳನ್ನು ಕೂಡಿಸಿ, ನಮ್ಮ ಹೋಬಳಿಯಂಥ ಒಂದು ಘಟಕ ಮಾಡಿ, ಅದರ ಮೇಲೆ ಸರ್ಕಾರವೇ ಒಬ್ಬ ಬ್ಯುರ್ಗರ್‌ಮೈಸ್ಟರನನ್ನು ನೇಮಿಸುತ್ತಿತ್ತು. ರಸ್ತೆ, ಶಾಲೆ, ಬಡವರ ಪೋಷಣೆ ಎಲ್ಲವೂ ಅವನ ಕೊರಳಿಗೇ.

ರೈಫೈಸನ್ ಹುಟ್ಟಿದ್ದು 1818ರ ಮಾರ್ಚ್ 30ರಂದು, ಝೀಗ್ ನದಿಯ ದಂಡೆಯ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವನು. ತಂದೆಯ ಆಸರೆ ಬೇಗ ತಪ್ಪಿತು. ಊರಿನ ಪಾದ್ರಿಯೇ ಪಾಠ ಹೇಳಿದ. ಹದಿನೇಳನೆಯ ವಯಸ್ಸಿಗೆ ಸೈನ್ಯದ ಫಿರಂಗಿ ದಳ ಸೇರಿದವನು ಕಣ್ಣಿನ ಬೇನೆಯಿಂದ 1843ರಲ್ಲಿ ಅದನ್ನು ಬಿಡಬೇಕಾಯಿತು. ಅಲ್ಲಿಂದ ಸರ್ಕಾರಿ ಕಚೇರಿ. 1845ರಲ್ಲಿ, ಇನ್ನೂ ಇಪ್ಪತ್ತಾರರ ಹರೆಯದಲ್ಲಿ, ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೈಯರ್‌ಬುಶ್‌ಗೆ ಮೇಯರನಾಗಿ ಬಂದ.

ಬಂದ ಮರುವರ್ಷವೇ ಬೆಳೆ ಕೈಕೊಟ್ಟಿತು. 1846–47ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಇಲ್ಲ, ಧಾನ್ಯವೂ ಇಲ್ಲ. ಸರ್ಕಾರ ಹಿಟ್ಟು ಕಳುಹಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಮಾರಬೇಕೆಂಬ ಕಟ್ಟಳೆಯೊಂದಿಗೆ. ನಗದು ಇದ್ದಿದ್ದರೆ ಜನ ಹಸಿದಿರುತ್ತಿರಲಿಲ್ಲವಲ್ಲ! ರೈಫೈಸನ್ ಆ ಕಟ್ಟಳೆಯನ್ನು ಬದಿಗಿಟ್ಟು ಹಿಟ್ಟನ್ನು ಸಾಲವಾಗಿ ಕೊಟ್ಟ. ಉಳ್ಳವರಿಂದ ಹಣ ಕೂಡಿಸಿ ‘ರೊಟ್ಟಿ ಸಂಘ’ ಕಟ್ಟಿದ. ಊರಿಗೇ ಸೇರಿದ ಒಂದು ಬೇಕರಿ ಎದ್ದಿತು. ಪೇಟೆಯ ದರಕ್ಕಿಂತ ಬಹಳ ಅಗ್ಗಕ್ಕೆ, ಅದೂ ಕಡವಾಗಿ, ಬ್ರೆಡ್ ಸಿಕ್ಕಿತು. ಮುಂದೆ ‘ಪದ್ಧತಿ’ ಎನಿಸಿಕೊಂಡ ಎಲ್ಲದರ ಬೀಜ ಇಲ್ಲಿದೆ ಎಂದು ನನಗೆ ತೋರುತ್ತದೆ. ಕೈಯಲ್ಲಿ ಕಾಸಿಲ್ಲದವನನ್ನೂ ನಂಬಬಹುದು ಎಂದು ಒಬ್ಬ ಅಧಿಕಾರಿ ತನ್ನ ಹುದ್ದೆಯನ್ನೇ ಪಣಕ್ಕಿಟ್ಟು ತೋರಿಸಿದ.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿ ಕಂಡದ್ದು ಇನ್ನೊಂದು ಬಗೆಯ ಸಂಕಟ. ದನ ಕೊಳ್ಳಲು ಶಕ್ತಿಯಿಲ್ಲದ ರೈತನಿಗೆ ವ್ಯಾಪಾರಿಗಳು ಪಾಲಿಗೆ ದನ ಕೊಡುತ್ತಿದ್ದರು. ಮೇವು ರೈತನದು, ದುಡಿಮೆ ರೈತನದು, ಲಾಭ ಕೊಟ್ಟವನದು. ಬಡ್ಡಿ ಬೆಳೆದು ಕೊನೆಗೆ ಹೊಲವೂ ಹೋಗುತ್ತಿತ್ತು. 1849ರಲ್ಲಿ ಆತ ಸುಮಾರು 60 ಸ್ಥಿತಿವಂತರನ್ನು ಒಟ್ಟುಮಾಡಿ, ಅವರ ಹೊಣೆಯ ಮೇಲೆ ಹಣ ತಂದು, ದನ ಕೊಂಡು ರೈತರಿಗೆ ಕಂತಿನಲ್ಲಿ ಕೊಡಿಸಿದ. (ಬಡ್ಡಿ ವ್ಯಾಪಾರದ ಕುರಿತು ಬರೆಯುವಾಗ ಆತ ಯಹೂದಿಗಳ ವಿರುದ್ಧ ಪೂರ್ವಗ್ರಹದ ಮಾತುಗಳನ್ನೂ ಬರೆದಿದ್ದಾನೆ. ಆತನನ್ನು ಮೆಚ್ಚುವವರು ಅದನ್ನು ಮುಚ್ಚಿಡಬಾರದು.)

1852ರಲ್ಲಿ ರೈನ್ ನದಿಯ ಬಳಿಯ ಹೆಡೆಸ್‌ಡೋರ್ಫ್. ಇಂದು ಅದು ನಾಯ್‌ವೀಡ್ ನಗರದ ಭಾಗ. 1854ರಲ್ಲಿ ಆತ ಇಲ್ಲಿ ಕಟ್ಟಿದ ಧರ್ಮಾರ್ಥ ಸಂಘದ ಉದ್ದೇಶಗಳು ದೊಡ್ಡವು. ದಿಕ್ಕಿಲ್ಲದ ಮಕ್ಕಳ ಪಾಲನೆ, ಸೆರೆಮನೆಯಿಂದ ಬಂದವರಿಗೆ ಕೆಲಸ, ಗ್ರಂಥಾಲಯ, ದನ ಕೊಳ್ಳಲು ನೆರವು, ಸಾಲದ ನಿಧಿ. ಒಂದೊಂದಾಗಿ ಅವು ಸೊರಗಿದವು, ಸಾಲದ ಕೆಲಸವೊಂದು ಉಳಿಯಿತು. ಕಾರಣ ಸರಳ. ಇವೆಲ್ಲ ಉಳ್ಳವರು ಇಲ್ಲದವರಿಗಾಗಿ ನಡೆಸುವ ಸಂಘಗಳು. ಹೊಣೆ ಒಬ್ಬರದು, ಪ್ರಯೋಜನ ಮತ್ತೊಬ್ಬರದು. ಬರದ ಬಿಸಿ ಆರಿದ ಮೇಲೆ ಉಳ್ಳವರ ಉತ್ಸಾಹವೂ ಆರಿತು.

ರೈಫೈಸನ್ ಗಾಢ ದೈವಭಕ್ತ. ನೆರೆಯವನ ಮೇಲಿನ ಪ್ರೀತಿಯೇ ಸಾಕೆಂದು ಮನಸಾರೆ ನಂಬಿದ್ದವನು. ಪಟ್ಟಣದ ಕುಶಲಕರ್ಮಿಗಳಿಗಾಗಿ ಸ್ವಸಹಾಯದ ಬ್ಯಾಂಕುಗಳನ್ನು ಕಟ್ಟುತ್ತಿದ್ದ ಹೆರ್ಮಾನ್ ಶುಲ್ಜ್-ಡೆಲಿಟ್ಜ್ ಮಾತ್ರ ದಾನದ ಮೇಲೆ ಏನೂ ನಿಲ್ಲದು ಎನ್ನುತ್ತಿದ್ದ. ಸಾಲ ಪಡೆಯುವವನೇ ಸದಸ್ಯನಾಗಬೇಕು, ಅವನೇ ಹೊಣೆ ಹೊರಬೇಕು ಎಂಬ ಆ ಮಾತನ್ನು ಒಪ್ಪಲು ರೈಫೈಸನ್‌ಗೆ ವರ್ಷಗಳೇ ಹಿಡಿದವು. ಒಪ್ಪಿದ ಮೇಲೆ ಹಿಂದೆ ನೋಡಲಿಲ್ಲ. 1864ರಲ್ಲಿ ಹೆಡೆಸ್‌ಡೋರ್ಫ್ ಸಾಲನಿಧಿ ಸಂಘ ಆ ತತ್ವದ ಮೇಲೆ ನಿಂತಿತು. ತನ್ನ ಹೃದಯಕ್ಕೆ ಹತ್ತಿರವಾದ ನಂಬಿಕೆಯನ್ನು ಅನುಭವದ ಮುಂದೆ ಬಿಟ್ಟುಕೊಡುವುದು ಸಣ್ಣ ಸಂಗತಿಯಲ್ಲ. ಆತನ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಈಗ ಪದದ ತಿರುಳಿಗೆ ಬರೋಣ. ರೈಫೈಸನ್ ಪದ್ಧತಿಯ ಜೀವಾಳ ಅಪರಿಮಿತ ಹೊಣೆ. ಸಂಘದ ಸಾಲ ತೀರದಿದ್ದರೆ ಪ್ರತಿ ಸದಸ್ಯನೂ ತನ್ನೆಲ್ಲ ಆಸ್ತಿಯಿಂದ ಉತ್ತರ ಕೊಡಬೇಕು. ಕೇಳಲು ಭಯಾನಕ. ಆದರೆ ಒಬ್ಬೊಬ್ಬನಾಗಿ ಹೋದರೆ ಬಾಗಿಲು ತೆರೆಯದ ಹಣದ ಮಾರುಕಟ್ಟೆ, ಐವತ್ತು ಮಂದಿಯ ಹೊಲಮನೆ ಒಟ್ಟಾಗಿ ಜಾಮೀನು ನಿಂತಾಗ ತೆರೆಯಿತು. ಉಳಿದ ನಿಯಮಗಳೆಲ್ಲ ಈ ಒಂದರಿಂದಲೇ ಹುಟ್ಟುತ್ತವೆ. ಎಲ್ಲರೂ ಎಲ್ಲರಿಗೆ ಹೊಣೆಯಾದರೆ ಎಲ್ಲರಿಗೂ ಎಲ್ಲರ ನಡತೆ ಗೊತ್ತಿರಬೇಕು. ಹಾಗಾಗಿ ಕಾರ್ಯಕ್ಷೇತ್ರ ಒಂದು ಊರು ಅಥವಾ ಒಂದು ಚರ್ಚಿನ ವ್ಯಾಪ್ತಿ, ಅಷ್ಟೇ. ನೆರೆಯವನೇ ಕಾವಲು ಕಾಯುವುದರಿಂದ ಸಂಬಳದ ಆಡಳಿತಗಾರರು ಬೇಕಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಸಂಭಾವನೆ. ಸಾಲ ಉತ್ಪಾದಕ ಕೆಲಸಕ್ಕೇ ಹೋಗಬೇಕು, ಅವಧಿ ಬೆಳೆಗೆ ಹೊಂದುವಷ್ಟು ದೀರ್ಘವಾಗಿರಬೇಕು. ಲಾಭ ಯಾರ ಜೇಬಿಗೂ ಹೋಗದೆ ಹಂಚಲಾಗದ ನಿಧಿಯಾಗಿ ಬೆಳೆಯಬೇಕು. ನಾವು ‘ಕೃಷಿ ಪತ್ತಿನ ಸಹಕಾರ ಸಂಘ’ ಎನ್ನುವಾಗಿನ ‘ಪತ್ತು’ ಈ ಅರ್ಥವನ್ನು ಚೆನ್ನಾಗಿ ಹಿಡಿಯುತ್ತದೆ. ಅದು ಬರಿಯ ಸಾಲವಲ್ಲ, ಊರಿನಲ್ಲಿ ಮನುಷ್ಯನಿಗಿರುವ ನಂಬಿಕೆಯ ಬೆಲೆ.

1865ರಲ್ಲಿ ಅನಾರೋಗ್ಯದಿಂದ ಆತ ನಿವೃತ್ತನಾದ. ಹೆಂಡತಿ ಎಮಿಲಿ ಅದಕ್ಕೆ ಎರಡು ವರ್ಷ ಮುಂಚೆಯೇ ತೀರಿಕೊಂಡಿದ್ದಳು. ಪಿಂಚಣಿ ಸಾಲದೆ ಮೊದಲು ಸಿಗಾರ್ ತಯಾರಿಕೆ, ಆಮೇಲೆ ವೈನ್ ವ್ಯಾಪಾರ ಮಾಡಬೇಕಾಯಿತು. ದೃಷ್ಟಿ ಮಂದವಾಗಿತ್ತು. ಸಾಲನಿಧಿ ಸಂಘಗಳ ಕುರಿತ ಆತನ ಪುಸ್ತಕ 1866ರಲ್ಲಿ ಹೊರಬಂದದ್ದು ಮಗಳು ಅಮಾಲಿಯ ಕೈಬರಹದ ನೆರವಿನಿಂದ. ಅದನ್ನು ಓದಿಕೊಂಡು ಊರೂರುಗಳಲ್ಲಿ ಸಂಘಗಳು ಎದ್ದವು. 1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ ಆತ ತೀರಿಕೊಂಡ. ಇಂದು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಆತನ ಹೆಸರು ಬ್ಯಾಂಕಿನ ಫಲಕದ ಮೇಲಿದೆ. ನೆದರ್ಲೆಂಡ್ಸ್‌ನ ರಾಬೊಬ್ಯಾಂಕಿನ ‘ರಾ’ ಕೂಡ ರೈಫೈಸನ್‌ನದೇ.

ಪದ ನಮ್ಮಲ್ಲಿಗೆ ಬಂದದ್ದು ಮದ್ರಾಸಿನ ದಾರಿಯಿಂದ. ಮದ್ರಾಸ್ ಸರ್ಕಾರಕ್ಕಾಗಿ ಯುರೋಪಿನ ಕೃಷಿ ಸಾಲ ಸಂಸ್ಥೆಗಳನ್ನು ಅಧ್ಯಯನ ಮಾಡಿದ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರಲ್ಲಿ ಸಲ್ಲಿಸಿದ ವರದಿಯ ಸಾರವನ್ನು ಎರಡೇ ಪದಗಳಲ್ಲಿ ಹೇಳಿದ: ‘ರೈಫೈಸನ್‌ನನ್ನು ಹುಡುಕಿ.’ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಯನ್ನೇ ಸಾಮಾನ್ಯ ನಿಯಮವಾಗಿಸಿತು. ಮರುವರ್ಷ, 1905ರಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ, ಆ ಕಾಯ್ದೆಯಡಿ, ದೇಶದ ಮೊದಲನೆಯವುಗಳಲ್ಲಿ ಒಂದೆನಿಸಿದ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು.